ಸೆಟ್ಟಿಂಗ್ ಹೊತ್ತಿನ ಟೀ

ಟಿ. ದಾಸರಹಳ್ಳಿ
೩ ಜೂನ್ ೨೦೨೪

ಮಹಾರಾಜರಾಜಶ್ರೀ ಸಂಗಣ್ಣನವರ ಸನ್ನಿಧಾನಕ್ಕೆ,

ಪೀಣ್ಯ ಎರಡನೇ ಹಂತದಲ್ಲಿರುವ ಅನುಸೂಯಮ್ಮ ಮೇಡಂ ಅವರ ಶೆಡ್ಡಿನ ಏಕಮಾತ್ರ ಅಪ್ರೆಂಟಿಸ್ ಆದ ವೇಣಿ ಎಂಬ ನಾನು, ಬಲಗೈಯಲ್ಲಿ ಸ್ಪ್ಯಾನರ್ ಹಿಡಿದು, ಎಡಗೈಯನ್ನು ಕೂಲಂಟ್ ಡಬ್ಬದ ಮೇಲಿಟ್ಟು ಮಾಡಿದ ಪ್ರತಿಜ್ಞೆಯನ್ನು ಈ ಮೂಲಕ ನಿನಗೆ ಸಲ್ಲಿಸುತ್ತಿದ್ದೇನೆ. ಫೋರ್‌ಮನ್ ನಲ್ಲಪ್ಪನವರ ಮೇಲೆ ಸೇಡು ತೀರಿಸಿಕೊಳ್ಳದೆ ನಾನು ಈ ಶೆಡ್ಡು ಬಿಡುವುದಿಲ್ಲ. ನಿನ್ನ ಪಾಲಿನ ಸೇಡೂ ಇದರಲ್ಲೇ ಸೇರಿದೆ, ಬೇರೆ ಅರ್ಜಿ ಹಾಕುವ ಅಗತ್ಯವಿಲ್ಲ.

ಫೋನ್ ಬಿಟ್ಟು ಕಾಗದ ಯಾಕೆ ಅನ್ನುತ್ತೀಯಾ? ಐಟಿಐ ಗ್ರೂಪಿನಲ್ಲಿ ನಾನು ನಲ್ಲಪ್ಪನವರ ದನಿ ಅನುಕರಿಸಿ ಕಳಿಸಿದ ವಾಯ್ಸ್ ಮೆಸೇಜನ್ನು ನಮ್ಮವರೇ ಯಾರೋ ಅವರಿಗೆ ಕೇಳಿಸಿದರು. ಫಲವಾಗಿ ಮೆಷಿನ್ ತಂಪಾಗಿಡುವ ಕೂಲಂಟ್ ಟ್ಯಾಂಕಿಗೆ ಇಳಿದು ಒಂದು ವಾರ ಕೆಸರು ಬಳಿಯುವ ಭಾಗ್ಯ ನನಗೆ ಒದಗಿತು. ಕಾಗದವನ್ನು ಫಾರ್ವರ್ಡ್ ಮಾಡಲು ಬರುವುದಿಲ್ಲ. ಇನ್ನು ಮುಂದೆ ನನ್ನ ಯುದ್ಧದ ವರದಿಗಳೆಲ್ಲ ಅಂಚೆಯಲ್ಲೇ.

ನೀನು ಹೋದ ಮೇಲೆ ಇಲ್ಲಿ ಏನೂ ಬದಲಾಗಿಲ್ಲ. ಸಿಎನ್‌ಸಿ ಮೆಷಿನ್ನಿನಲ್ಲಿ ಒಂದು ಜಾಬ್ ಮುಗಿದು ಇನ್ನೊಂದು ಶುರುವಾಗಬೇಕಾದರೆ, ಟೂಲ್ ಎಲ್ಲಿಂದ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂದು ಮೆಷಿನ್ನಿಗೆ ಹೇಳಿಕೊಡಬೇಕಲ್ಲ, ಆ ಸೆಟ್ಟಿಂಗ್ ಕಲಿಯಲೆಂದೇ ನಾವು ಅಪ್ರೆಂಟಿಸ್ ಆಗಿ ಬಂದದ್ದು. ಸರಿಯಾಗಿ ಆ ಹೊತ್ತಿಗೇ ನಲ್ಲಪ್ಪನವರ ಗಂಟಲು ಒಣಗುತ್ತದೆ. "ಲೇ ವೇಣಿ, ಕೃಷ್ಣಪ್ಪನ ಅಂಗಡಿಗೋಗಿ ಒಂದ್ ಟೀ ತಗೊಂಬಾರಮ್ಮ." ನಾನು ಟೀ ತರುವಷ್ಟರಲ್ಲಿ ಸೆಟ್ಟಿಂಗ್ ಮುಗಿದು ಮೆಷಿನ್ ಉಂಗುರದಂಥ ಬುಶ್‌ಗಳನ್ನು ಉದುರಿಸುತ್ತಿರುತ್ತದೆ, ಅವರು ಕೈ ಒರೆಸಿಕೊಳ್ಳುತ್ತಿರುತ್ತಾರೆ. ಆಮೇಲೆ ನನ್ನ ಪಾಲಿಗೆ ಜಾಬ್ ಹಾಕು, ಗುಂಡಿ ಒತ್ತು, ಜಾಬ್ ತೆಗೆ. ಇಷ್ಟು ತಿಂಗಳಲ್ಲಿ ನಾನು ಪರಿಪೂರ್ಣವಾಗಿ ಕಲಿತದ್ದು ಟೀ ಅಂಗಡಿಯ ದಾರಿಯೊಂದೇ. ಪರೀಕ್ಷೆಯಲ್ಲಿ ಅದನ್ನು ಕೇಳಿದರೆ ರಾಜ್ಯಕ್ಕೇ ಮೊದಲು ಬರುತ್ತೇನೆ.

ಅಕ್ಟೋಬರಿಗೆ ನನ್ನ ಅಪ್ರೆಂಟಿಸ್ ವರ್ಷ ಮುಗಿಯುತ್ತದೆ. ಮೇಡಂ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ: "ಸೆಟ್ಟಿಂಗ್ ಬಂದ್ರೆ ಸೆಟ್ಟರ್ ಮಾಡಿ ಇಟ್ಕೋತೀನಿ ಕಣೇ. ಬರಲ್ಲ ಅಂದ್ರೆ ಗುಂಡಿ ಒತ್ತೋಕೆ ಹೊಸ ಅಪ್ರೆಂಟಿಸ್ ಸಿಕ್ತಾರೆ." ಇತ್ತ ಮುನಿಯಣ್ಣ ದೊಡ್ಡಪ್ಪ ನಮ್ಮ ಹಳೇ ಹೊಲದ ಮೇಲೆ ಕಟ್ಟಿದ ಪಾರ್ಟಿ ಹಾಲಿನಲ್ಲಿ ನನಗೊಂದು ಕುರ್ಚಿ ಕಾದಿರಿಸಿದ್ದಾರೆ. ಬಂದವರಿಗೆ ನಮಸ್ಕಾರ ಹಾಕಿ, ಪನ್ನೀರು ಚಿಮುಕಿಸುವ ಉದ್ಯೋಗ. ಸೆಟ್ಟರ್ ಆಗದಿದ್ದರೆ ಜೀವಮಾನವೆಲ್ಲ ಪನ್ನೀರು.

ಇನ್ನು ನಿನ್ನ ವಿಷಯ. ನಿನ್ನ ತಾಯಿ ಹೊಳೆವ್ವ ಅಮ್ಮನ ಆಪರೇಷನ್ ಎಂದು ಹೇಳಿಯೇ ನೀನು ಊರಿಗೆ ಹೋದದ್ದು. "ಓಡೋದ ಮೇಡಂ ಅವ್ನು, ಆ ಕಡೆ ಹುಡುಗ್ರು ಹಂಗೇನೇ" ಎಂದು ನಲ್ಲಪ್ಪನವರು ಮೇಡಂಗೆ ಹೇಳುವಾಗ ನಾನು ಪಕ್ಕದಲ್ಲೇ ಟೀ ಹಿಡಿದು ನಿಂತಿದ್ದೆ. ನಿನ್ನ ವರ್ಷ ಮುಗಿಯಲು ಒಂದೇ ತಿಂಗಳಿತ್ತು. ಮರೆತಿಲ್ಲ. ಮರೆಯುವುದೂ ಇಲ್ಲ.

ಇಂತಿ,
ಸೇನಾಧಿಪತಿ ವೇಣಿ


ಎಲೆಕ್ಟ್ರಾನಿಕ್ ಸಿಟಿ
೧೪ ಜೂನ್ ೨೦೨೪

ವೇಣಿಗೆ ಸಂಗಣ್ಣನ ನಮಸ್ಕಾರ.

ನಿನ್ನ ಕಾಗದ ಬಂತು. ರೂಮಿನಲ್ಲಿ ನಾವು ನಾಲ್ವರು, ನಾಲ್ವರೂ ಓದಿದೆವು. ಯಮನಪ್ಪ ಅಂತೂ "ಏನಪಾ ಸಂಗಣ್ಣ, ನಿನ್ನ ಸಲುವಾಗಿ ಯುದ್ಧ ನಡದೈತಿ, ನೀ ಇಲ್ಲಿ ತಟ್ಟಿ ತೊಳಕೋತ ಕುಂತಿ" ಎಂದು ದಿನಾ ಕಾಡುತ್ತಿದ್ದಾನೆ.

ತಟ್ಟೆ ತೊಳೆಯುವುದು ನಿಜ. ಒಂದು ಕಂಪನಿಯ ಕ್ಯಾಂಟೀನು. ತೊಳೆಯುವುದು ಮೆಷಿನ್ನು, ಜೋಡಿಸುವುದು ನಾನು. ಬಾಗಿಲು ಹಾಕಿ ಗುಂಡಿ ಒತ್ತಿದರೆ ಒಳಗೆ ಬಿಸಿನೀರಿನ ಮಳೆ. ನೀರು ಎಷ್ಟು ಬಿಸಿ ಇರಬೇಕೆಂದು ತೋರಿಸುವ ಸಣ್ಣ ಪರದೆಯೊಂದಿದೆ. ಅದನ್ನು ನಾನು ಮುಟ್ಟುವಂತಿಲ್ಲ. ನೋಡುತ್ತ ನಿಂತರೂ ಸೂಪರ್‌ವೈಸರ್ ಭರಮಪ್ಪ ಬೈಯುತ್ತಾನೆ.

ವೇಣಿ, ಸೇಡು ಗೀಡು ಬೇಡ. ನಲ್ಲಪ್ಪ ಸರ್ ವಯಸ್ಸಾದವರು. ಟೀ ತಾ ಅಂದರೆ ತಂದುಕೊಡು. ಹೋಗುವಾಗ ಬರುವಾಗ ಅವಸರ ಮಾಡಬೇಡ, ಆ ರಸ್ತೆಯಲ್ಲಿ ಲಾರಿಗಳು ಬಹಳ. ನಿಧಾನಕ್ಕೆ ಬಾ.

ಇನ್ನೊಂದು ಮಾತು. ನನಗೆ ಫೋನ್ ಮಾಡಬೇಡ. ಇಲ್ಲಿ ಕೆಲಸದ ಹೊತ್ತಿನಲ್ಲಿ ಫೋನನ್ನು ಗೇಟಿನಲ್ಲೇ ಇಟ್ಟುಕೊಳ್ಳುತ್ತಾರೆ. ಕಾಗದವೇ ಒಳ್ಳೆಯದು.

ಅವ್ವ ಈಗ ಆರಾಮಾಗಿದ್ದಾಳೆ.

ಸಂಗಣ್ಣ


ಟಿ. ದಾಸರಹಳ್ಳಿ
೧ ಜುಲೈ ೨೦೨೪

ಪರಮಪೂಜ್ಯ ಸಂತ ಸಂಗಣ್ಣನವರಿಗೆ,

ಹೊಡೆದವನ ಕೈ ನೋಯಿತೇನೋ ಎಂದು ಚಿಂತಿಸುವ ನಿನ್ನ ಗುಣಕ್ಕೆ ದೂರದಿಂದಲೇ ಅಡ್ಡಬಿದ್ದಿದ್ದೇನೆ. ಲಾರಿಗಳ ವಿಷಯದಲ್ಲಿ ನೀನು ತೋರಿಸಿದ ಕಾಳಜಿ ಓದಿ ನನ್ನ ಕಣ್ಣು ತುಂಬಿ ಬಂತು, ಸುಳ್ಳಲ್ಲ. ಆದರೆ ಸಲಹೆ ತಿರಸ್ಕೃತವಾಗಿದೆ. ಸಂತರ ಪರವಾಗಿ ಕತ್ತಿ ಹಿಡಿಯಲು ನಮ್ಮಂಥ ಪಾಪಿಗಳೇ ಬೇಕು.

ಟೀ ನಿವಾರಣಾ ಕಾರ್ಯಾಚರಣೆ ಶುರುವಾಗಿದೆ. ಕೃಷ್ಣಪ್ಪಣ್ಣನಿಂದ ಬೆಳಿಗ್ಗೆಯೇ ಒಂದು ಫ್ಲಾಸ್ಕ್ ತುಂಬಿಸಿ ತಂದು ಟೂಲ್ ಬೀರುವಿನ ಹಿಂದೆ ಅಡಗಿಸಿಡುತ್ತೇನೆ. ಮೊನ್ನೆ ಹೊಸ ಜಾಬ್ ಬಂತು. ನಲ್ಲಪ್ಪನವರು ಮೆಷಿನ್ ಮುಂದೆ ನಿಂತು ಕೆಮ್ಮಿದರು.

"ಲೇ ವೇಣಿ, ಟೀ ತಗೊಂಬಾ."

"ತಗೊಳಿ ಸಾರ್, ಬಿಸಿ ಇದೆ."

ಅವರು ಲೋಟ ನೋಡಿದರು. ನನ್ನನ್ನು ನೋಡಿದರು. "ಬರೀ ಟೀನಾ? ಒಂದ್ ಬನ್ನೂ ತಗೊಂಬಾ."

ಏಪ್ರನ್ ಜೇಬಿನಿಂದ ಬನ್ ತೆಗೆದೆ.

"ತಲೆ ಸಿಡೀತಿದೆ ಕಣಮ್ಮ, ಮೆಡಿಕಲ್‌ಗೆ..."

"ನುಂಗಿಬಿಡಿ ಸಾರ್, ಟೀ ಜೊತೆಗೇ." ಮಾತ್ರೆ ಇನ್ನೊಂದು ಜೇಬಿನಲ್ಲಿತ್ತು.

ಸಂಗಣ್ಣ, ಆ ಮುಖ ನೀನು ನೋಡಬೇಕಿತ್ತು. ತಲೆನೋವಿಲ್ಲದ ಮನುಷ್ಯ ತಲೆನೋವಿನ ಮಾತ್ರೆ ನುಂಗಿದ. ಆಮೇಲೆ ಮೆಷಿನ್ ಮುಂದೆ ಸುಮ್ಮನೆ ನಿಂತರು. ಒಂದು ಗುಂಡಿ ಒತ್ತುತ್ತಾರೆ, ಹಿಂದಕ್ಕೆ ತಿರುಗಿ ನನ್ನನ್ನು ನೋಡುತ್ತಾರೆ, ಪರದೆ ಒರೆಸುತ್ತಾರೆ. ಕೊನೆಗೆ, "ಇವತ್ ಕರೆಂಟ್ ಸರಿ ಇಲ್ಲ, ನಾಳೆ ನೋಡ್ಕಳನ" ಎಂದುಬಿಟ್ಟರು. ಕರೆಂಟು ಸರಿಯಾಗಿಯೇ ಇತ್ತು, ಪಕ್ಕದಲ್ಲಿ ಕಂಪ್ರೆಸರ್ ಬೊಬ್ಬೆ ಹೊಡೆಯುತ್ತಿತ್ತು. ಮರುದಿನ ನನ್ನನ್ನು ರಾಜಗೋಪಾಲನಗರಕ್ಕೆ ಬೆಲ್ಟ್ ತರಲು ಕಳಿಸಿ ಸೆಟ್ಟಿಂಗ್ ಮುಗಿಸಿದರು. ಬೆಲ್ಟನ್ನು ನಾನು ಜೇಬಿನಲ್ಲಿ ಇಟ್ಟುಕೊಂಡಿರಲಿಲ್ಲ. ನನ್ನ ಲೋಪ.

ವಿದ್ಯೆ ಕದಿಯುತ್ತೇವೆಂದು ಎಷ್ಟು ಭಯ ನೋಡು! ಬಂಗಾರ ಬಚ್ಚಿಟ್ಟವರೂ ಇಷ್ಟು ಬೆವರುವುದಿಲ್ಲ. ಇನ್ನೂ ಬೆವರಿಸುತ್ತೇನೆ.

ವೇಣಿ


ಎಲೆಕ್ಟ್ರಾನಿಕ್ ಸಿಟಿ
೯ ಜುಲೈ ೨೦೨೪

ವೇಣಿ,

ಫ್ಲಾಸ್ಕ್ ಬಿಡು. ಇದು ತಮಾಷೆಯಲ್ಲ. ಸೆಟ್ಟಿಂಗ್ ನಿಂತರೆ ಮೆಷಿನ್ ನಿಲ್ಲುತ್ತದೆ, ಕೊನೆಗೆ ತಪ್ಪು ನಿನ್ನ ತಲೆಗೇ ಬರುತ್ತದೆ. ಸ್ವಲ್ಪ ದಿನ ತಡೆದುಕೋ. ದಸರಾ ಹೊತ್ತಿಗೆ ಎಲ್ಲ ಸರಿ ಹೋಗುತ್ತದೆ. ಹೇಗೆ ಅಂತ ಕೇಳಬೇಡ.

ಕೆಲಸ ಬಹಳ ಇದೆ. ಇಷ್ಟೇ.

ಸಂಗಣ್ಣ


ಟಿ. ದಾಸರಹಳ್ಳಿ
೨೨ ಜುಲೈ ೨೦೨೪

ಶ್ರೀ ಸಂಗಣ್ಣ ಅವರಿಗೆ,

ತಮಗೆ ತಿಳಿಯಪಡಿಸುವುದೇನೆಂದರೆ, ಕಳೆದ ಗುರುವಾರ ಶೆಡ್ಡಿನಲ್ಲಿ ಹೊಸ ಜಾಬ್ ಹಾಕುವ ಹೊತ್ತಿಗೆ ನಲ್ಲಪ್ಪನವರು ನನ್ನನ್ನು "ಮೇಲೋಗಿ ಟ್ಯಾಂಕಲ್ಲಿ ನೀರ್ ಐತಾ ನೋಡ್ಕಂಬಾ" ಎಂದು ಮಹಡಿಗೆ ಕಳಿಸಿದರು. ನಾನು ಅರ್ಧ ಮೆಟ್ಟಿಲು ಹತ್ತಿ, ಚಪ್ಪಲಿ ಕೈಯಲ್ಲಿ ಹಿಡಿದು, ಇಳಿದು ಬಂದೆ. ನಲ್ಲಪ್ಪನವರು ವೀಡಿಯೊ ಕಾಲ್ ಹಾಕಿ, ಮೆಷಿನ್ನಿನ ಪರದೆಯ ಮುಂದೆ ಮೊಬೈಲನ್ನು ಎತ್ತಿ ಹಿಡಿದಿದ್ದರು. ಕಂಪ್ರೆಸರ್ ಗಲಾಟೆಯಲ್ಲಿ ಕೇಳಿಸಲೆಂದು ಸ್ಪೀಕರ್ ಹಾಕಿದ್ದರು.

"ಸರ್ರ, ಅಲ್ಲಲ್ಲ, ಕೆಳಗಿನ ಸಾಲಿಗೆ ಬರ್ರಿ. ಹಾಂ, ಅದು. ಈಗ ಆಫ್‌ಸೆಟ್ ಹಾಕ್ರಿ. ಆ ಹುಡುಗಿ ಇಲ್ಲಲ್ಲ ಅಲ್ಲೆ?"

"ಮೇಲ್ ಕಳ್ಸಿದೀನಿ. ಬೇಗ ಹೇಳಪ್ಪ."

ಆ ದನಿ ಯಾರದೆಂದು ನನಗೆ ಐಟಿಐನಿಂದಲೂ ಗೊತ್ತು. ಆ ದನಿಯ ಒಡೆಯರ ಫೋನು ಗೇಟಿನಲ್ಲಿರುತ್ತದೆ ಎಂದು ಮಾತ್ರ ತಿಳಿದಿದ್ದೆ.

ಅಲ್ಲಿಗೆ, ನಲ್ಲಪ್ಪನವರಿಗೆ ಸಿಎನ್‌ಸಿ ಬರುವುದೇ ಇಲ್ಲ. ಬಚ್ಚಿಟ್ಟದ್ದು ಬಂಗಾರವಲ್ಲ, ಖಾಲಿ ಪೆಟ್ಟಿಗೆ. ನಾನು ಮಳೆಯಲ್ಲಿ, ಬಿಸಿಲಲ್ಲಿ ಟೀ ಹೊತ್ತು ನಡೆದದ್ದು ನೀವಿಬ್ಬರೂ ಮಾತಾಡಿ ಮುಗಿಸಲಿ ಎಂದು. "ನಿಧಾನಕ್ಕೆ ಬಾ." ಲಾರಿಗಳಿಗಾಗಿ ನನ್ನ ಕಣ್ಣು ತುಂಬಿತ್ತಲ್ಲ, ಆ ನೀರನ್ನು ವಾಪಸ್ ಕಳಿಸಿ.

ನಿಮ್ಮ ಪರವಾಗಿ ಮಾಡಿದ ಪ್ರತಿಜ್ಞೆಯನ್ನು ಹಿಂತೆಗೆದುಕೊಂಡಿದ್ದೇನೆ. ನಿಮ್ಮ ಮೇಲೆ ಹೊಸದೊಂದು ಮಾಡಿದ್ದೇನೆ.

ವೇಣಿ


ಎಲೆಕ್ಟ್ರಾನಿಕ್ ಸಿಟಿ
೧೯ ಆಗಸ್ಟ್ ೨೦೨೪

ವೇಣಿ,

ಇಷ್ಟು ದಿನ ಬರೆಯಲಿಲ್ಲ. ಏನು ಬರೆದರೂ ನೀನು ನಗೆಯಾಡುತ್ತೀ ಎಂದು ಹರಿದು ಹಾಕಿದೆ. ಈಗ ನನಗೂ ಸಿಟ್ಟು ಬಂದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಸೇರುವ ಮುಂಚೆ ಆ ಮೆಷಿನ್ ಬಂದಾಗ ಕಂಪನಿಯ ಇಂಜಿನಿಯರ್ ಬಂದು ಕಲಿಸಿದ್ದು ಅವರಿಗೂ ನನಗೂ. ನನಗೆ ಹತ್ತಿತು, ಅವರಿಗೆ ಹತ್ತಲಿಲ್ಲ. ಹಳೇ ಲೇತ್ ಮೇಲೆ ಅವರನ್ನು ಮೀರಿಸುವವರಿಲ್ಲ, ಆದರೆ ಪರದೆ ಕಂಡರೆ ಹಿಂದಕ್ಕೆ ಸರಿಯುತ್ತಿದ್ದರು. ಮೇಡಂ ಮುಂದೆ "ಎಲ್ಲಾ ಬಂತು" ಅಂದುಬಿಟ್ಟಿದ್ದರು. ನಾನು ಊರಿಗೆ ಹೋದಾಗ ಓಡಿಹೋದ ಎಂದು ಹೇಳಿ ಹೊರಗೆ ಹಾಕಿದರು, ಯಾಕೆಂದರೆ ಯಾರಿಗೆ ಬರುತ್ತದೆ ಎಂದು ಮೇಡಂಗೆ ಒಂದು ದಿನ ಗೊತ್ತಾಗುತ್ತಿತ್ತು. ಹೊರಗೆ ಹಾಕಿದ ವಾರಕ್ಕೇ ಫೋನ್ ಬಂತು. "ಸಂಗಣ್ಣ, ದಸರಾಕ್ಕೆ ನಿನ್ನ ವಾಪಸ್ ಕರೆಸ್ಕೋತೀನಿ, ಸೆಟ್ಟರ್ ಆಗೇ ಕರೆಸ್ಕೋತೀನಿ. ಅಲ್ಲೀತನಕ ಸ್ವಲ್ಪ ಹೇಳ್ಕೊಡಪ್ಪ." ನಾನು ಒಪ್ಪಿದೆ. ಕ್ಯಾಂಟೀನಿನ ಹಿಂದಿನ ಮೆಟ್ಟಿಲ ಮೇಲೆ ನಿಂತು ಹೇಳಿಕೊಡುತ್ತೇನೆ. ದಿನದಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳುವುದು ಅದೊಂದೇ ಹೊತ್ತು.

ನೀನು ಫೋನ್ ಮಾಡಿದರೆ ನನಗೆ ಸುಳ್ಳು ಹೇಳಲು ಬರುವುದಿಲ್ಲ. ಕಾಗದದಲ್ಲಿ ಬರುತ್ತದೆ. ಅದಕ್ಕೇ ಫೋನ್ ಗೇಟಿನಲ್ಲಿ ಅಂದೆ.

ಅವರು ಸೆಟ್ಟರ್ ಮಾಡುತ್ತೇನೆ ಅಂದದ್ದು ಒಂದೇ ಜಾಗಕ್ಕೆ. ಅದೇ ಜಾಗಕ್ಕೆ ನೀನೂ ಕಾದಿದ್ದೀ. ಹಾಗಿರುವಾಗ ನಿನಗೆ ಯಾಕೆ ಹೇಳಲಿ? ನಿನಗೆ ಪಾರ್ಟಿ ಹಾಲಿನ ಕುರ್ಚಿ ನಗೆಯ ಮಾತು. ನನಗೆ ಅಂಥದೊಂದು ಕುರ್ಚಿ ಇಡುವವರು ಈ ಊರಲ್ಲಿ ಯಾರೂ ಇಲ್ಲ. ಮೂರು ತಲೆಮಾರಿಂದ ಇಲ್ಲೇ ಇರುವವಳು ನೀನು. ನನ್ನನ್ನು "ಆ ಕಡೆ ಹುಡುಗ" ಅಂದಾಗ ಪಕ್ಕದಲ್ಲಿ ಟೀ ಹಿಡಿದು ನಿಂತಿದ್ದೆ ಅಂತ ನೀನೇ ಬರೆದೆ. ನಿಂತಿದ್ದೆ, ಬಾಯಿ ಬಿಡಲಿಲ್ಲ. ಅದನ್ನೂ ಓದಿದೆ ನಾನು.

ಸಂಗಣ್ಣ


ಟಿ. ದಾಸರಹಳ್ಳಿ
೨೬ ಆಗಸ್ಟ್ ೨೦೨೪

ಸಂಗಣ್ಣ,

ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ. ಲೆಕ್ಕ ಎರಡೂ ಕಡೆ ಇದೆ, ಒಪ್ಪಿದೆ.

ಈಗ ಕೇಳು. ನಲ್ಲಪ್ಪನವರು ನಿನ್ನನ್ನು ದಸರಾಕ್ಕೆ ಕರೆಸಿಕೊಳ್ಳುವುದಿಲ್ಲ. ನೀನು ಬಂದು ಮೆಷಿನ್ ಮುಂದೆ ನಿಂತರೆ ಮೇಡಂಗೆ ಮೊದಲ ದಿನವೇ ಗೊತ್ತಾಗುತ್ತದೆ. ಖಾಲಿ ಪೆಟ್ಟಿಗೆಯನ್ನು ತಾನೇ ತೆರೆದು ತೋರಿಸುವ ಮನುಷ್ಯ ಎಲ್ಲಾದರೂ ಇದ್ದಾನಾ? ನಿನಗೂ ಇದು ಗೊತ್ತು. ತಟ್ಟೆಗಳ ನಡುವೆ ನಂಬಿಕೊಂಡು ನಿಂತಿದ್ದೀಯ ಅಷ್ಟೇ. ಅವನು ನಿನ್ನನ್ನು ಹೊರಗೆ ಹಾಕಿ, ಹೊರಗಿನಿಂದಲೇ ದುಡಿಸಿಕೊಳ್ಳುತ್ತಿದ್ದಾನೆ. ನನ್ನನ್ನು ಒಳಗಿಟ್ಟುಕೊಂಡು ಹೊರಗೆ ಓಡಿಸುತ್ತಿದ್ದಾನೆ. ಇಬ್ಬರನ್ನೂ ಒಂದೇ ಫೋನಿನಿಂದ ಆಡಿಸುತ್ತಿದ್ದಾನೆ.

ನನಗೆ ಸೆಟ್ಟಿಂಗ್ ಕಲಿಸು. ಅವನಿಗೆ ಹೇಳಿಕೊಟ್ಟದ್ದನ್ನೇ ನನಗೆ ಹೇಳು, ಆದರೆ ಯಾಕೆ ಎಂಬುದನ್ನೂ ಸೇರಿಸಿ. ಕಾಗದದಲ್ಲಿ ಸುಳ್ಳು ಬರುತ್ತದೆ ಅಂದೆಯಲ್ಲ, ಕೆಲಸವೂ ಬರುತ್ತದೆಯೇ ನೋಡೋಣ. ನಿನ್ನ ಮೇಲಿನ ಸಿಟ್ಟು ಹಾಗೇ ಇದೆ. ಅದನ್ನು ಬೇರೆ ದಿನಕ್ಕೆ ತೆಗೆದಿಟ್ಟಿದ್ದೇನೆ.

ವೇಣಿ


ಎಲೆಕ್ಟ್ರಾನಿಕ್ ಸಿಟಿ
೫ ಸೆಪ್ಟೆಂಬರ್ ೨೦೨೪

ವೇಣಿ,

ನಿನ್ನ ಮಾತು ನನಗೂ ಗೊತ್ತಿತ್ತು. ನಿನ್ನೆ ಫೋನಿನಲ್ಲಿ "ಸರ್ರ, ದಸರಾ ಬಂತಲ್ಲ" ಅಂದೆ. "ಯಾವ್ ದಸರಾನೋ ಮಾರಾಯ, ಮುಂದಿನ್ ವರ್ಷ ನೋಡನ" ಅಂದರು. ನಕ್ಕರು ಸಹಿತ.

ಬರೆದುಕೋ. ಮೊದಲು ಜಾಬ್ ಹಿಡಿದು ತಿರುಗುವ ಚಕ್ ನಿಲ್ಲಿಸು. ಜಾಬ್ ಬಿಗಿಯಾಗಿ ಕಚ್ಚಿದೆಯೇ ನೋಡು. ಕೈಚಕ್ರದಿಂದ ಟೂಲನ್ನು ಜಾಬಿನ ಮುಖದ ಹತ್ತಿರ ತಾ. ಹತ್ತಿರವಾದ ಮೇಲೆ ಚಕ್ರವನ್ನು ಅತಿ ಸಣ್ಣ ಹೆಜ್ಜೆಗೆ ಇಡು. ಇಲ್ಲಿ ಎಲ್ಲರೂ ಅವಸರ ಮಾಡಿ ತುದಿ ಮುರಿಯುತ್ತಾರೆ. ಈಗ ನಡುವೆ ಒಂದು ಕಾಗದದ ಚೂರು ಹಿಡಿದು ಅತ್ತಿತ್ತ ಆಡಿಸುತ್ತ ಚಕ್ರ ತಿರುಗಿಸು. ಕಾಗದ ಸಡಿಲವಾಗಿ ಆಡುತ್ತದೆ, ಆಡುತ್ತದೆ, ಆಮೇಲೆ ಯಾರೋ ಆ ಕಡೆಯಿಂದ ಮೆಲ್ಲಗೆ ಹಿಡಿದುಕೊಂಡ ಹಾಗೆ ಆಗುತ್ತದೆ. ಹರಿಯಬಾರದು, ಜಾರಲೂಬಾರದು. ಅಲ್ಲೇ ನಿಲ್ಲಿಸು. ಟೂಲಿಗೂ ಜಾಬಿಗೂ ನಡುವೆ ಈಗ ಇರುವುದು ಆ ಕಾಗದದ ದಪ್ಪ ಮಾತ್ರ. ಪರದೆಯಲ್ಲಿ ಆಫ್‌ಸೆಟ್ ಸಾಲಿಗೆ ಹೋಗಿ ಆ ದಪ್ಪವನ್ನು ಕೊಡು. ಮುಖ ಎಲ್ಲಿದೆ ಎಂದು ಮೆಷಿನ್ನಿಗೆ ತಿಳಿಯಿತು.

ಜಾಬಿನ ದಪ್ಪಕ್ಕೆ ಬೇರೆ ದಾರಿ. ಸ್ವಲ್ಪ ಕೊರೆದು, ನಿಲ್ಲಿಸಿ, ಮೈಕ್ರೋಮೀಟರಿನಲ್ಲಿ ಅಳೆದು, ಅಳೆದದ್ದನ್ನೇ ಮೆಷಿನ್ನಿಗೆ ಹೇಳು. ಮೆಷಿನ್ ಮೂರ್ಖ, ವೇಣಿ. ತಾನು ಎಲ್ಲಿ ನಿಂತಿದ್ದೇನೆಂದು ಅದಕ್ಕೆ ಗೊತ್ತಿಲ್ಲ. ಸೆಟ್ಟಿಂಗ್ ಎಂದರೆ ಅದಕ್ಕೆ ಅದರ ಜಾಗ ಹೇಳುವುದು, ಬೇರೇನಿಲ್ಲ. ನಲ್ಲಪ್ಪ ಸರ್‌ಗೆ ಇದನ್ನು ಎಷ್ಟು ಸಲ ಹೇಳಿದೆ. "ಅದೆಲ್ಲ ಬ್ಯಾಡ, ಯಾವ್ ಗುಂಡಿ ಅದ್ನೇಳು" ಅನ್ನುತ್ತಾರೆ.

ಕಾಗದಕ್ಕೆ ಹುಡುಕಬೇಡ. ಇದರ ಅಂಚನ್ನೇ ಹರಿದುಕೋ. ಅದಕ್ಕೇ ಈ ಸಲ ಅಂಚು ಬಿಟ್ಟು ಬರೆದಿದ್ದೇನೆ.

ಸಂಗಣ್ಣ


ಟಿ. ದಾಸರಹಳ್ಳಿ
೨೩ ಸೆಪ್ಟೆಂಬರ್ ೨೦೨೪

ಗುರುಗಳಿಗೆ (ವ್ಯಂಗ್ಯವಲ್ಲ, ಅಭ್ಯಾಸಬಲ),

ಊಟದ ಹೊತ್ತಿನಲ್ಲಿ ನಲ್ಲಪ್ಪನವರು ಮೊಸರನ್ನ ಮುಗಿಸಿ ಪ್ಯಾಕಿಂಗ್ ಡಬ್ಬಗಳ ಮೇಲೆ ಒರಗಿ ಗೊರಕೆ ಹೊಡೆಯುತ್ತಾರೆ. ಆ ಗೊರಕೆ ನನ್ನ ತರಗತಿಯ ಗಂಟೆ. ಮೊದಲ ದಿನ ಕಾಗದ ಹರಿಯಿತು. ಎರಡನೇ ದಿನ ಟೂಲಿನ ತುದಿ ಮುರಿದೆ. ಕೇಳಿದಾಗ "ಹಳೇದಾಗಿತ್ತು ಸಾರ್" ಎಂದೆ. ಆಮೇಲೊಂದು ದಿನ ಆ ಕಡೆಯಿಂದ ಯಾರೋ ಮೆಲ್ಲಗೆ ಹಿಡಿದುಕೊಂಡರು. ನೀನು ಬರೆದ ಹಾಗೆಯೇ. ಅಲ್ಲೇ ನಿಲ್ಲಿಸಿ ಆಫ್‌ಸೆಟ್ ಕೊಟ್ಟೆ.

ಈಗ ಯುದ್ಧದ ದಿನಾಂಕ. ಅಕ್ಟೋಬರ್ ೪, ಶುಕ್ರವಾರ. ಪಂಪ್ ಕಂಪನಿಯಿಂದ ಸಿದ್ಧಾರ್ಥ್ ಎಂಬ ಇಂಜಿನಿಯರ್ ಬರುತ್ತಾನೆ. ಹೊಸ ಬುಶ್‌ನ ಸೆಟ್ಟಿಂಗನ್ನು ಅವನ ಕಣ್ಣೆದುರೇ ಮಾಡಿ ತೋರಿಸಬೇಕು, ಮೇಡಂ ಅಲ್ಲೇ ನಿಂತಿರುತ್ತಾರೆ. ನಲ್ಲಪ್ಪನವರು ಹ್ಯಾಗಾದರೂ ಮಾಡಿ ಮೆಷಿನ್ ಹಿಂದೆ ಹೋಗಿ ನಿನಗೆ ಫೋನ್ ಮಾಡುತ್ತಾರೆ.

ಎತ್ತಬೇಡ. ನಾನು ಕೇಳುವುದು ಅಷ್ಟೇ. ತಪ್ಪು ಹೇಳಿಕೊಡು ಅನ್ನುವುದಿಲ್ಲ, ಅದರಲ್ಲಿ ಯಾರದಾದರೂ ಬೆರಳು ಹೋಗಬಹುದು. ಸುಮ್ಮನೆ ಎತ್ತಬೇಡ. ಅದು ರಿಂಗ್ ಆಗುತ್ತಲೇ ಇರಲಿ. ಅವರು ಮೇಡಂ ಮುಂದೆ ಬರಿಗೈಯಲ್ಲಿ ನಿಲ್ಲಲಿ.

ವೇಣಿ


ಎಲೆಕ್ಟ್ರಾನಿಕ್ ಸಿಟಿ
೭ ಅಕ್ಟೋಬರ್ ೨೦೨೪

ವೇಣಿ,

ನೀನು ಎತ್ತಬೇಡ ಅಂದಿದ್ದೆ. ಎತ್ತಬಾರದು ಅಂತಲೇ ಇದ್ದೆ. ಫೋನ್ ಮೂರು ಸಲ ಬಡಿದುಕೊಂಡು ನಿಂತಿತು. ನಾಲ್ಕನೇ ಸಲ ನನಗೆ ಅನ್ನಿಸಿತು, ಎತ್ತದಿದ್ದರೆ ಅವರು "ನೆಟ್‌ವರ್ಕ್ ಇಲ್ಲ" ಅಂದು ಪಾರಾಗುತ್ತಾರೆ ಎಂದು. ಎತ್ತಿದೆ. "ಸರ್ರ, ವೇಣಿನ್ನ ಕೇಳ್ರಿ. ಆಕಿಗೆ ಬರ್ತದ" ಅಂದು ಇಟ್ಟುಬಿಟ್ಟೆ.

ಆಮೇಲೆ ಕೈಯಲ್ಲಿದ್ದ ತಟ್ಟೆಗಳ ಗೋಪುರ ಜಾರಿತು. ಭರಮಪ್ಪ ಬೈದ. ಬೈಯಲಿ.

ಅಲ್ಲಿ ಏನಾಯಿತು? ಬೇಗ ಬರೆ.

ಸಂಗಣ್ಣ


ಎಲೆಕ್ಟ್ರಾನಿಕ್ ಸಿಟಿ
೨೧ ಅಕ್ಟೋಬರ್ ೨೦೨೪

ವೇಣಿ, ಆಯುಧಪೂಜೆಯೂ ಆಯಿತು, ಒಂದು ಸಾಲು ಇಲ್ಲ. ಮೆಷಿನ್ನಿಗೆ ಏನಾದರೂ ಆಯಿತೆ? ನಿನ್ನ ಕೈಗೆ ಏನಾದರೂ ಆಯಿತೆ? ಫೋನ್ ಮಾಡಿದರೂ ನೀನು ಎತ್ತುತ್ತಿಲ್ಲ. ನಲ್ಲಪ್ಪ ಸರ್ ಫೋನೂ ಬರುತ್ತಿಲ್ಲ. ಎಂಟಾಣೆಯಷ್ಟು ಸುದ್ದಿಯಾದರೂ ಕಳಿಸು.

ಸಂಗಣ್ಣ


ಟಿ. ದಾಸರಹಳ್ಳಿ
೫ ನವೆಂಬರ್ ೨೦೨೪

ಮಹಾರಾಜರಾಜಶ್ರೀ ಸಂಗಣ್ಣನವರ ಸನ್ನಿಧಾನಕ್ಕೆ,

ನಾನು ಆರೋಗ್ಯ. ಕೈಬೆರಳುಗಳೆಲ್ಲ ಸ್ವಸ್ಥಾನದಲ್ಲಿವೆ. ನಿನ್ನ ಎರಡೂ ಕಾಗದ ಸಕಾಲಕ್ಕೆ ಬಂದಿದ್ದವು. ಬೇಕೆಂದೇ ಬರೆಯಲಿಲ್ಲ. ನೀನು ನನ್ನನ್ನು ಏನೂ ತಿಳಿಸದೆ ತಿಂಗಳುಗಟ್ಟಲೆ ರಸ್ತೆಯಲ್ಲಿ ನಡೆಸಿದೆಯಲ್ಲ, ಏನೂ ತಿಳಿಯದೆ ನಿಲ್ಲುವುದು ಹೇಗಿರುತ್ತದೆಂದು ನಿನಗೂ ಗೊತ್ತಾಗಲಿ ಅಂತ. ಸುದ್ದಿ ನನ್ನ ಜೇಬಿನಲ್ಲೇ ಇತ್ತು, ಒಂದೊಂದು ದಿನವೂ ಮುಟ್ಟಿ ನೋಡಿಕೊಂಡು ಸಂತೋಷಪಟ್ಟೆ. ಈಗ ನಿನ್ನ ಮೇಲಿನ ಸೇಡು ಪೂರ್ಣಗೊಂಡಿದೆ ಎಂದು ಘೋಷಿಸುತ್ತೇನೆ. ಇನ್ನು ಓದು.

ಶುಕ್ರವಾರ ಮೇಡಂ ಹೊಸ ಸೀರೆ ಉಟ್ಟು ಬಂದಿದ್ದರು. ಸಿದ್ಧಾರ್ಥ್ ಕನ್ನಡಕದ ಹುಡುಗ. ನಲ್ಲಪ್ಪನವರು ಮೆಷಿನ್ನಿಗೆ ನಮಸ್ಕಾರ ಮಾಡಿ ನನ್ನ ಕಡೆ ತಿರುಗಿದರು.

"ಲೇ ವೇಣಿ, ಸಾಹೇಬ್ರಿಗೆ ಟೀ..."

"ಮೇಜಿನ್ ಮೇಲಿದೆ ಸಾರ್."

"ಎಳನೀರ್ ತರ್ಬಾರ್ದಾ ಈ ಬಿಸ್ಲಿಗೆ?"

"ಕೊಚ್ಚಿಸಿ ಇಟ್ಟಿದೀನಿ ಸಾರ್."

ಸಿದ್ಧಾರ್ಥ್ ಗಡಿಯಾರ ನೋಡಿದ. "ಶುರು ಮಾಡೋಣ್ವಾ?"

"ಒಂದ್ನಿಮಿಷ ಸಾರ್, ಹಿಂದ್ಗಡೆ ವೈರ್ ನೋಡ್ಬಿಡ್ತೀನಿ" ಎಂದು ನಲ್ಲಪ್ಪನವರು ಮೆಷಿನ್ ಹಿಂದೆ ಮರೆಯಾದರು. ಕಂಪ್ರೆಸರ್ ಅರಚುತ್ತಿತ್ತು. ಅವರು ಎಂದಿನಂತೆ ಸ್ಪೀಕರ್ ಹಾಕಿದರು. ಗಾಳಿ ತುಂಬಿದರೆ ಕಂಪ್ರೆಸರ್ ತಾನಾಗೇ ನಿಲ್ಲುತ್ತದಲ್ಲ? ನಾನು ಏನೂ ಮಾಡಲಿಲ್ಲ, ಆಣೆ ಮಾಡುತ್ತೇನೆ. ಅದು ತಾನಾಗೇ ನಿಂತಿತು. ಆ ಮೌನದಲ್ಲಿ ಶೆಡ್ಡಿನ ತುಂಬ ನಿನ್ನ ದನಿ: "ಸರ್ರ, ವೇಣಿನ್ನ ಕೇಳ್ರಿ. ಆಕಿಗೆ ಬರ್ತದ."

ನಾನು ರಿಂಗಿಗಾಗಿ ಕಾದಿದ್ದೆ, ನಿನಗಾಗಿ ಅಲ್ಲ.

ಮೇಡಂ ಕೇಳಿದರು: "ಯಾರ್ರೀ ಅದು?"

"ರಾಂಗ್ ನಂಬರ್ ಮೇಡಂ."

"ರಾಂಗ್ ನಂಬರ್‌ಗೆ ಇವ್ರ ಹೆಸ್ರು ಹೆಂಗ್ ಗೊತ್ತು?" ಎಂದ ಸಿದ್ಧಾರ್ಥ್, ಎಳನೀರು ಹೀರುತ್ತ.

"ನಮ್ ಸಂಗಣ್ಣನ ದನಿ ಅಲ್ವೇನ್ರೀ ಅದು? ಓಡೋದ ಅಂದ್ರಲ್ಲ!" ಎಂದರು ಮೇಡಂ.

ನಲ್ಲಪ್ಪನವರು ಮೆಷಿನ್ ಹಿಂದಿನಿಂದ ಬರಲೇ ಇಲ್ಲ. ನಾನೇ ಹೋದೆ. ಫೋನ್ ಇನ್ನೂ ಕೈಯಲ್ಲಿತ್ತು.

"ಕೇಳಿ ಸಾರ್" ಎಂದೆ.

"ಏನ್ ಕೇಳ್ಬೇಕೇ?"

"ಅವ್ನು ಹೇಳಿದ್ನಲ್ಲ, ನನ್ನ ಕೇಳಿ ಅಂತ. 'ಹೆಂಗ್ ಮಾಡೋದು ವೇಣಿ' ಅಂತ ಕೇಳಿ. ಅವತ್ತು ಓಡೋದ ಅಂದಾಗ ನಾನ್ ಸುಮ್ನಿದ್ದೆ. ಇವತ್ತು ಇರಲ್ಲ. ಎಲ್ರಿಗೂ ಕೇಳೋ ಹಂಗೆ ಕೇಳಿ."

ಅವರು ಕೇಳಿದರು, ಸಂಗಣ್ಣ. ಎಲ್ಲರಿಗೂ ಕೇಳುವ ಹಾಗೆ. ನಾನು ತಿಂಗಳುಗಟ್ಟಲೆ ಕನಸು ಕಂಡದ್ದಕ್ಕಿಂತ ಸಿಹಿಯಾಗಿತ್ತು. ಕರುಣೆ ಬರಬೇಕಿತ್ತೇನೋ. ಬರಲಿಲ್ಲ.

ಸೆಟ್ಟಿಂಗ್ ಮಾಡಿದೆ. ಮೊದಲ ಬುಶ್ ಕೂದಲೆಳೆಯಷ್ಟು ದಪ್ಪ ಬಂತು, ಆಫ್‌ಸೆಟ್ ತಿದ್ದಿದೆ, ಎರಡನೆಯದನ್ನು ಸಿದ್ಧಾರ್ಥ್ ಅಳೆದು ಜೇಬಿಗೆ ಹಾಕಿಕೊಂಡ. ಮೊದಲ ಶಿಫ್ಟಿಗೆ ನಾನು ಸೆಟ್ಟರ್. ದೊಡ್ಡಪ್ಪನ ಪನ್ನೀರಿಗೆ ಬೇರೆಯವರನ್ನು ಹುಡುಕುತ್ತಿದ್ದಾರೆ. ನಲ್ಲಪ್ಪನವರು ಪೂರ್ತಿ ಕಲಿಯುವವರೆಗೆ ಸೆಟ್ಟಿಂಗ್ ಹೊತ್ತಿಗೆ ನನ್ನ ಪಕ್ಕ ನಿಲ್ಲಬೇಕೆಂದು ಮೇಡಂ ಆಜ್ಞೆ. "ಒಂದ್ನಿಮಿಷ ಹೊರಗ್ ಹೋಗ್ಬರ್ತೀನಮ್ಮ" ಅನ್ನುತ್ತಾರೆ. ನಾನು ಬಿಡುವುದಿಲ್ಲ.

ಪಂಪ್ ಕಂಪನಿಯ ಆರ್ಡರ್ ದೊಡ್ಡದು, ಎರಡನೇ ಶಿಫ್ಟ್ ಶುರುವಾಗುತ್ತಿದೆ. ಅದಕ್ಕೆ ಸೆಟ್ಟರ್ ಬೇಕು. ಮೇಡಂ ನಲ್ಲಪ್ಪನವರಿಗೆ ಹೇಳಿದರು: "ನೀವೇ ಅಲ್ವಾ ಓಡಿಸಿದ್ದು, ನೀವೇ ಕರೀರಿ." ಅವರು ನೆಲ ನೋಡುತ್ತ, "ವೇಣಿ ಕಾಗ್ದ ಬರೀತಾಳೆ ಮೇಡಂ" ಎಂದು ಜಾರಿಕೊಂಡರು. ಹಾಗಾಗಿ ಇದು ಆ ಕಾಗದ. ಸೋಮವಾರ, ಹನ್ನೊಂದನೇ ತಾರೀಕು, ಬೆಳಿಗ್ಗೆ ಬಾ. ಆ ವಾರ ದಾಟಿದರೆ ಹೊರಗಿನಿಂದ ಯಾರನ್ನೋ ತರುತ್ತಾರಂತೆ.

ವೇಣಿ, ಸೆಟ್ಟರ್


ಎಲೆಕ್ಟ್ರಾನಿಕ್ ಸಿಟಿ
೧೧ ನವೆಂಬರ್ ೨೦೨೪

ಸೇನಾಧಿಪತಿಗೆ ಸಂಗಣ್ಣನ ನಮಸ್ಕಾರ.

ಇವತ್ತು ಸೋಮವಾರ. ನಾನು ಬರಲಿಲ್ಲ, ಅದು ನಿನಗೆ ಈಗಾಗಲೇ ಗೊತ್ತು.

ನಿನ್ನ ಕಾಗದ ಓದಿ ಯಮನಪ್ಪ ನನ್ನ ಚೀಲವನ್ನು ತಾನೇ ತುಂಬಿದ. "ಇನ್ನ ಏನ್ ನೋಡ್ತಿ, ನಡಿ" ಅಂದ. ಬೆಳಿಗ್ಗೆ ಬಸ್ ಸ್ಟಾಪಿನ ತನಕ ಬಂದೆ. ಬಸ್ಸೂ ಬಂತು. ಹತ್ತಲಿಲ್ಲ. ನನ್ನನ್ನು ಓಡಿಹೋದವನು ಎಂದು ಬಾಯಲ್ಲಿ ಹೇಳಿದ ಮನುಷ್ಯ, ಬಾ ಎಂಬ ಮಾತನ್ನು ನಿನ್ನ ಕೈಯಿಂದ ಬರೆಸುತ್ತಾನಲ್ಲ, ಅದನ್ನೂ ಬಾಯಲ್ಲೇ ಹೇಳಲಿ ಅನ್ನಿಸಿತು. ಮರಳಿ ಕ್ಯಾಂಟೀನಿಗೆ ಬಂದು ತಟ್ಟೆ ಜೋಡಿಸಿದೆ. ಹೊರಗಿನವರನ್ನು ತಂದರೆ ತರಲಿ ಎಂದುಕೊಂಡೆ. ಚೀಲವನ್ನು ಮಾತ್ರ ಬಿಚ್ಚಲಿಲ್ಲ.

ಮಧ್ಯಾಹ್ನ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ ನಲ್ಲಪ್ಪ ಸರ್ ಹೆಸರು. ಈ ಹೊತ್ತಿನಲ್ಲಿ ಸೆಟ್ಟಿಂಗ್ ಇರುವುದಿಲ್ಲ, ಇದ್ದರೂ ಈಗ ನೀನಿದ್ದೀ. ಅಂದರೆ ಕರೆಯಲಿಕ್ಕೇ ಮಾಡಿದ್ದು. ಮೇಡಂ ಪಕ್ಕದಲ್ಲೇ ನಿಂತಿರಬೇಕು. ನೀನೂ ನಿಂತಿರಬೇಕು, ಆ ಮುಖ ನೋಡುತ್ತ. ಹೇಗಿತ್ತು ಎಂದು ಬರೆ, ಒಂದು ಗೆರೆ ಬಿಡದ ಹಾಗೆ ಬರೆ.

ಸಂಜೆಯೊಳಗೆ ಇನ್ನೂ ಎರಡು ಸಲ ಮಾಡಿದರು. ಫೋನನ್ನು ತಟ್ಟೆಗಳ ಪಕ್ಕ ನಿಲ್ಲಿಸಿ, ಅದು ಬೆಳಗುವುದನ್ನೂ ಆರುವುದನ್ನೂ ನೋಡಿದೆ. ಎತ್ತಲಿಲ್ಲ. ನಾಳೆಯೂ ಎತ್ತುವುದಿಲ್ಲ.

ಬುಧವಾರ ಎತ್ತುತ್ತೇನೆ.

ಸಂಗಣ್ಣ